ಸೇತುವೆಯ ಆಚೆ ಉಳಿದ ಟೀಚರಮ್ಮ

ಆ ಸಮುದ್ರದ ಊರಿನಲ್ಲಿ ಅವನನ್ನು ಎಲ್ಲರೂ ಗಡಿಯಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಅವನ ಹೆಂಡತಿಗೂ ಸಿಟ್ಟು ಬಂದಾಗ ಮಾತ್ರ ನೆನಪಾಗುತ್ತಿತ್ತು. ಅವನ ಕೆಲಸ ಇಷ್ಟೇ: ಪ್ರವಾಸಿಗಳೆಂದು ಬಂದು, ಊರು ಹಿಡಿಸಿ, ಬಾಡಿಗೆ ಮನೆ ಮಾಡಿಕೊಂಡು ಅಲ್ಲೇ ಉಳಿದ ಪರದೇಶದವರನ್ನು ಬೆಳಿಗ್ಗೆ ವ್ಯಾನಿನಲ್ಲಿ ಕೂರಿಸಿಕೊಂಡು ಗಡಿಗೆ ಕರೆದೊಯ್ಯುವುದು, ಸಂಜೆ ವಾಪಸ್ ತರುವುದು. ವೀಸಾದ ಅವಧಿ ಮುಗಿಯುವ ಹೊತ್ತಿಗೆ ಅವರು ನದಿಯ ಸೇತುವೆ ದಾಟಿ ಪಕ್ಕದ ದೇಶಕ್ಕೆ ಹೋಗಬೇಕು. ಅಲ್ಲೊಂದು ಮುದ್ರೆ ಹಾಕಿಸಿಕೊಂಡು, ಒಂದು ಟೀ ಕುಡಿದು, ಅದೇ ಸೇತುವೆಯ ಮೇಲೆ ಹಿಂದಿರುಗಿ ಇಲ್ಲಿ ಇನ್ನೊಂದು ಮುದ್ರೆ ಹಾಕಿಸಿಕೊಳ್ಳಬೇಕು. ಅಲ್ಲಿಗೆ ಮತ್ತೆ ಕೆಲವು ತಿಂಗಳ ಮಟ್ಟಿಗೆ ಹೊಸ ಪ್ರವಾಸಿ. ಇದು ನಾಟಕ ಎಂದು ಮುದ್ರೆ ಹಾಕುವವರಿಗೂ ಗೊತ್ತಿತ್ತು, ಹಾಕಿಸಿಕೊಳ್ಳುವವರಿಗೂ ಗೊತ್ತಿತ್ತು. ಯಾರ ಗಂಟೂ ಹೋಗದ ನಾಟಕ ಎಂದು ಎಲ್ಲರೂ ಸುಮ್ಮನಿದ್ದರು.

ಆಮೇಲೆ ಹೊಸ ಸರ್ಕಾರ ಬಂತು. ಪ್ರವಾಸಿ ಎಂದಮೇಲೆ ನೋಡಿಕೊಂಡು ಹೋಗಬೇಕು, ಬೇರು ಬಿಡಬಾರದು ಎಂದು ಟಿವಿಯಲ್ಲಿ ಹೇಳಿದರು. ಊರಿನವರು ಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಮೇಲಿನವರು ಗುಡುಗುವುದು ಹೊಸದೇನಲ್ಲ, ಗುಡುಗಿದ್ದೆಲ್ಲ ಮಳೆಯಾಗುವುದೂ ಇಲ್ಲ ಎಂದುಕೊಂಡರು. ಆದರೆ ಈ ಸಲ ಹನಿ ಬಿತ್ತು. ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕೂರಿಸಿ ಪ್ರಶ್ನೆ ಕೇಳುತ್ತಾರೆ ಎಂಬ ಸುದ್ದಿ ಹಬ್ಬಿತು. ವರ್ಷಾ ವರ್ಷ ಬರುತ್ತಿದ್ದವರು ಬರಲಿಲ್ಲ. ಸಮುದ್ರದ ರಸ್ತೆಯ ಲಾಂಡ್ರಿ ಮೊದಲು ಮುಚ್ಚಿತು, ಅದರ ಹಿಂದೆಯೇ ಸೈಕಲ್ ಬಾಡಿಗೆಯ ಅಂಗಡಿ. ಬೇಕರಿಯವನು ಒಲೆ ಹಚ್ಚುವುದನ್ನು ವಾರದಲ್ಲಿ ಅರ್ಧಕ್ಕೆ ಇಳಿಸಿದ. ಸೀಟಿಗೆ ಜಗಳವಾಗುತ್ತಿದ್ದ ಗಡಿಯಣ್ಣನ ವ್ಯಾನಿನಲ್ಲಿ ಈಗ ಜನ ಕಾಲು ಚಾಚಿಕೊಂಡು ಮಲಗಿ ಹೋಗಬಹುದಿತ್ತು.

ಆ ದಿನ ವ್ಯಾನಿನಲ್ಲಿ ಇದ್ದವರು ಬೆನ್ನಿಗೆ ಚೀಲ ಹಾಕಿಕೊಂಡ ಎಳೆಯ ಗಂಡ ಹೆಂಡತಿ ಮತ್ತು ಟೀಚರಮ್ಮ. ಟೀಚರಮ್ಮ ತನ್ನ ದೇಶದಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ಗಂಡನ ಜೊತೆ ಈ ಊರಿಗೆ ಬಂದು ಹತ್ತು ವರ್ಷದ ಮೇಲಾಗಿತ್ತು. ಮೀನಿನ ಅಂಗಡಿಯವರ ಹತ್ತಿರ ಚೌಕಾಸಿ ಮಾಡುತ್ತಲೇ ಭಾಷೆ ಕಲಿತಿದ್ದಳು. ಎಷ್ಟು ಕಲಿತಿದ್ದಳೆಂದರೆ, ಪಕ್ಕದ ಮನೆಯ ಹೆಂಗಸರ ಹಾಗೆ ಗಂಡನನ್ನು “ನಮ್ಮ ಯಜಮಾನ್ರು” ಎನ್ನುತ್ತಿದ್ದಳು. ಯಜಮಾನರು ಮಾತ್ರ ಇಷ್ಟು ವರ್ಷದಲ್ಲಿ ನಾಲ್ಕಾರು ಮಾತು ಕಲಿತಿದ್ದರೆ ಹೆಚ್ಚು. ಹೆಂಡತಿ ಇಬ್ಬರಿಗೂ ಆಗುವಷ್ಟು ಮಾತಾಡುತ್ತಾಳೆ ಎನ್ನುವುದು ಅವರ ನಂಬಿಕೆ.

ಹೋದ ಚಳಿಗಾಲದಲ್ಲಿ ಯಜಮಾನರಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು. ಆಸ್ಪತ್ರೆಯ ಚೀಟಿ ನೋಡಿ ಸರ್ಕಾರ ಅವರಿಗೆ ಚಿಕಿತ್ಸೆಯ ಮೇಲೆ ಉಳಿಯಲು ಅನುಮತಿ ಕೊಟ್ಟಿತ್ತು. ಟೀಚರಮ್ಮ ತನಗೂ ಕೇಳಿದ್ದಳು. ರೋಗಿಗೆ ಅನುಮತಿ ಉಂಟು, ರೋಗಿಯ ಹೆಂಡತಿಗೆ ಅಂತ ಬೇರೆ ಇಲ್ಲ, ನೀವು ಪ್ರವಾಸಿಯಾಗೇ ಇರಿ ಎಂದಿದ್ದರು. ಹಾಗಾಗಿ ಗಂಡನಿಗೆ ಸೂಪು ಮಾಡಿಟ್ಟು, ಗಡಿಯಣ್ಣನ ಹೆಂಡತಿಯನ್ನು ಸಂಜೆಯವರೆಗೆ ಅವರ ಬಳಿ ಕೂರಿಸಿ, ಎಂದಿನಂತೆ ವ್ಯಾನು ಹತ್ತಿದ್ದಳು.

“ಗಡಿಯಣ್ಣ, ಈ ಸಲ ಬೇಗ ಮುಗೀಬೇಕಪ್ಪ. ನಿಮ್ಮ ಹೆಂಡತಿ ನಮ್ಮ ಯಜಮಾನ್ರಿಗೆ ಬೈದು ಬೈದು ಊಟ ಮಾಡಿಸ್ತಾರೆ. ಅವರು ಅದಕ್ಕೇ ಒಗ್ಗಿಬಿಟ್ರೆ ನನ್ನ ಕೈ ಊಟ ರುಚಿಸಲ್ಲ.”

“ಬೈಯೋದು ನನಗೂ ರೂಢಿನೇ ಟೀಚರಮ್ಮ. ಊಟ ಮಾತ್ರ ಕೆಲವು ಸಲ ಸಿಗಲ್ಲ,” ಎಂದ ಗಡಿಯಣ್ಣ.

ಗಡಿಯಲ್ಲಿ ಸೇತುವೆಗೆ ಹತ್ತುವ ಕಡೆ ಒಂದು ಉದ್ದನೆಯ ತಗಡಿನ ಮಾಡು, ಅದರಡಿ ಕಿಟಕಿಗಳ ಸಾಲು. ಮೂವರೂ ಹೋಗುವ ಮುದ್ರೆ ಹಾಕಿಸಿಕೊಂಡು ಸೇತುವೆ ಇಳಿದು ಮರೆಯಾದರು. ಗಡಿಯಣ್ಣ ವ್ಯಾನಿನ ನೆರಳಿನಲ್ಲಿ ಕೂತು ಕಣ್ಣು ಮುಚ್ಚಿದ. ಇಷ್ಟು ವರ್ಷ ಜನರನ್ನು ಇಲ್ಲಿಗೆ ಹೊತ್ತು ತಂದರೂ ಅವನು ಒಮ್ಮೆಯೂ ಆ ಸೇತುವೆ ದಾಟಿದವನಲ್ಲ. ಪಾಸ್‌ಪೋರ್ಟ್ ಮಾಡಿಸಲು ಅವನಿಗೆ ಕಾರಣವೇ ಬಂದಿರಲಿಲ್ಲ.

ಮಧ್ಯಾಹ್ನ ಎಳೆಯ ಜೋಡಿ ಹಿಂದಿರುಗಿತು. ಅವರ ಬಳಿ ತಮ್ಮ ದೇಶಕ್ಕೆ ಹಿಂತಿರುಗುವ ವಿಮಾನದ ಟಿಕೇಟಿತ್ತು, ಬಿಟ್ಟರು. ಟೀಚರಮ್ಮ ಬರಲಿಲ್ಲ. ಗಡಿಯಣ್ಣ ಎದ್ದು ಕಿಟಕಿಯ ಕಡೆ ನೋಡಿದ. ಅವಳು ಕೈಚೀಲವನ್ನು ಎದೆಗೊತ್ತಿಕೊಂಡು ಒಳಗಿನವನಿಗೆ ಏನೋ ವಿವರಿಸುತ್ತಿದ್ದಳು. ಒಳಗಿದ್ದವನು ಹೊಸ ಅಧಿಕಾರಿ. ಹಳೆಯವರನ್ನೆಲ್ಲ ಎತ್ತಂಗಡಿ ಮಾಡಿದ್ದರು.

“ಎಷ್ಟು ವರ್ಷದಿಂದ ಬರ್ತಿದ್ದೀರಿ?” ಎಂದು ಅವನು ಕೇಳುತ್ತಿದ್ದ.

“ನಿಮಗೆ ಮೀಸೆ ಬರೋಕೆ ಮುಂಚಿಂದ ಮಗಾ,” ಎಂದಳು ಟೀಚರಮ್ಮ, ನಗಿಸುವ ಆಸೆಯಿಂದ.

ಅಧಿಕಾರಿ ನಗಲಿಲ್ಲ. ಆದರೆ ಒರಟನೂ ಅಲ್ಲ. ಬೆಳಿಗ್ಗೆಯಿಂದ ಕೂತು ಬೆನ್ನು ಹಿಡಿದವನ ಹಾಗೆ ಕುರ್ಚಿಯಲ್ಲಿ ಮಗ್ಗುಲು ಬದಲಿಸಿದ. “ಅಮ್ಮಾ, ನಮ್ಮ ಮಾತು ನನಗಿಂತ ಚೆನ್ನಾಗಿ ಆಡ್ತೀರಿ. ಪ್ರವಾಸಿ ಹೀಗೆ ಮಾತಾಡಲ್ಲ. ನೀವು ಇಲ್ಲಿ ವಾಸ ಇದ್ದೀರಿ.”

ಯಾವ ಭಾಷೆ ತನ್ನನ್ನು ಈ ಊರಿನವಳನ್ನಾಗಿ ಮಾಡಿದೆ ಎಂದು ಹೆಮ್ಮೆ ಪಟ್ಟಿದ್ದಳೋ ಅದೇ ಟೀಚರಮ್ಮನ ಕುತ್ತಿಗೆಗೆ ಬಂದಿತ್ತು. ಮುಂದಿನ ಮಾತನ್ನು ಅವಳು ಬೇಕೆಂದೇ ತೊದಲಿದಳು; ಅದು ಇನ್ನೂ ಕೆಟ್ಟದಾಗಿ ಕಾಣಿಸಿತು.

ಗಡಿಯಣ್ಣ ಕಿಟಕಿಗೆ ಬಂದು ಕೈ ಮುಗಿದ. “ಸಾರ್, ಇವರ ಗಂಡ ಹಾಸಿಗೆ ಹಿಡಿದಿದ್ದಾರೆ. ಎದ್ದು ಲೋಟ ನೀರು ತಗೊಳೋಕಾಗಲ್ಲ. ಇವರಿಲ್ದೆ ಹೇಗೆ?”

“ಅದು ನನಗೂ ಅರ್ಥ ಆಗುತ್ತೆ ಅಣ್ಣ. ಆದ್ರೆ ಕಂಪ್ಯೂಟರ್ ಇವರ ಹೆಸರು ಹಾಕಿದ ತಕ್ಷಣ ಕೆಂಪು ತೋರಿಸ್ತಿದೆ. ನಾನು ಬಿಟ್ರೆ ನಾಳೆ ನನ್ನ ಮನೆ ಹಾಸಿಗೆ ಹಿಡಿಯುತ್ತೆ. ಹೊರಗಿಂದಾನೇ ಅರ್ಜಿ ಹಾಕ್ಲಿ.”

“ಎಷ್ಟು ದಿನ ಆಗುತ್ತೆ ಸಾರ್?”

ಅಧಿಕಾರಿ ಪಾಸ್‌ಪೋರ್ಟನ್ನು ಕಿಟಕಿಯಿಂದ ಹೊರಗೆ ಸರಿಸಿದ. ಹಿಂದೆ ನಿಂತವರನ್ನು ಕರೆದ.

ಟೀಚರಮ್ಮ ಅಳಲಿಲ್ಲ. ಸೇತುವೆಯ ಕಂಬಿ ಹಿಡಿದು ನಿಂತು, ಮಕ್ಕಳಿಗೆ ಉಕ್ತಲೇಖನ ಬರೆಸುವ ಹಾಗೆ ನಿಧಾನವಾಗಿ ಹೇಳಿದಳು. ಬಿಳಿ ಗುಳಿಗೆ ಊಟದ ಮೊದಲು. ಬಲಗೈಯನ್ನು ಬೆಚ್ಚನೆ ಬಟ್ಟೆಯಿಂದ ಒತ್ತಬೇಕು. ರಾತ್ರಿ ಒಂದು ದೀಪ ಉರಿಯುತ್ತಿರಲಿ, ಕತ್ತಲಾದರೆ ಗಾಬರಿ ಬೀಳುತ್ತಾರೆ. “ಆಮೇಲೆ ಗಡಿಯಣ್ಣ, ಅವರಿಗೆ ಸುಳ್ಳು ಹೇಳ್ಬೇಡಿ. ನಿಮಗೆ ಸುಳ್ಳು ಹೇಳೋಕೆ ಬರಲ್ಲ, ಕಿವಿ ಕೆಂಪಗಾಗುತ್ತೆ.” ಆಮೇಲೆ ತಿರುಗಿ ಆಚೆ ದಡದ ಕಡೆ ನಡೆದಳು. ಅವಳ ಬೆನ್ನು ಅಷ್ಟು ಬಾಗಿದ್ದನ್ನು ಗಡಿಯಣ್ಣ ಆವರೆಗೆ ಗಮನಿಸಿರಲಿಲ್ಲ.

ಸಂಜೆ ವ್ಯಾನು ಊರಿಗೆ ಹಿಂದಿರುಗಿತು. ಟೀಚರಮ್ಮನ ಮನೆ ಬಾಗಿಲಲ್ಲಿ ಹೆಂಡತಿ ಗಡಿಯಣ್ಣನೊಬ್ಬನನ್ನೇ ಕಂಡು, “ಟೀಚರಮ್ಮ ಎಲ್ರೀ?” ಎಂದಳು. ಅವನು ಹೇಳಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಊರವರನ್ನೆಲ್ಲ ಹೊತ್ಕೊಂಡು ಹೋಗಿ ತಂದ್ರಿ, ಒಬ್ಬ ಮುದುಕೀನ ವಾಪಸ್ ತರೋಕಾಗ್ಲಿಲ್ವಾ?” ಎಂದು ಬೈದಳು. ಬೈದ ಮೇಲೆ ತಾನೇ ಒಲೆಯ ಮೇಲೆ ಅವನಿಗೆ ಟೀ ಇಟ್ಟಳು.

ಒಳಗೆ ಯಜಮಾನರು ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದರು. ಲಕ್ವ ಅವರ ಸ್ವಂತ ಭಾಷೆಯನ್ನು ಮುಕ್ಕಾಲು ಪಾಲು ನುಂಗಿತ್ತು. ವಿಚಿತ್ರವೆಂದರೆ, ಈ ಊರಿನಲ್ಲಿ ಕಲಿತ ನಾಲ್ಕಾರು ಮಾತು ಮಾತ್ರ ಹಾಗೆಯೇ ಉಳಿದಿದ್ದವು: ಬೇಡ, ಸಾಕು, ಎಲ್ಲಿ, ಆಯ್ತು.

“ಎಲ್ಲಿ?” ಎಂದರು.

ಗಡಿಯಣ್ಣ ಮಂಚದ ಅಂಚಿನಲ್ಲಿ ಕೂತು, ಒಂದು ಅಂಗೈಯನ್ನು ಸೇತುವೆಯ ಹಾಗೆ ಚಾಚಿ, ಇನ್ನೊಂದು ಕೈಯ ಎರಡು ಬೆರಳನ್ನು ಅದರ ಮೇಲೆ ಆಚೆಗೆ ನಡೆಸಿ, ಅಲ್ಲೇ ನಿಲ್ಲಿಸಿದ. ಬೆರಳು ವಾಪಸ್ ಬರಲಿಲ್ಲ. ಮುದುಕರು ಅವನ ಕೈಯನ್ನೇ ಬಹಳ ಹೊತ್ತು ನೋಡುತ್ತ ಇದ್ದರು.

ಅಂದಿನಿಂದ ಗಡಿಯಣ್ಣನೂ ಅವನ ಹೆಂಡತಿಯೂ ಸರದಿಯ ಮೇಲೆ ಆ ಮನೆಯಲ್ಲಿ ಇದ್ದರು. ಟೀಚರಮ್ಮ ಆಚೆ ದಡದ ಒಂದು ಲಾಡ್ಜಿನಲ್ಲಿ ರೂಮು ಹಿಡಿದಳು. ದಿನಾ ಫೋನು ಮಾಡುತ್ತಿದ್ದಳು. ಯಜಮಾನರ ಕಿವಿಗೆ ಫೋನು ಹಿಡಿದರೆ ಆ ಕಡೆಯಿಂದ ಅವಳ ಮಾತು ನಲ್ಲಿಯ ನೀರಿನ ಹಾಗೆ ಸುರಿಯುತ್ತಿತ್ತು, ಈ ಕಡೆಯಿಂದ ಆಗಾಗ ಒಂದು “ಆಯ್ತು.”

ಗಡಿಯಣ್ಣ ಜಿಲ್ಲಾ ಕಚೇರಿಗೆ ಅಲೆದ. ಅಲ್ಲಿ ಗೋಡೆಯ ತುಂಬ ಅವರ ಊರಿನದೇ ಸಮುದ್ರದ ದೊಡ್ಡ ಚಿತ್ರ, ಕೆಳಗೆ ‘ಬನ್ನಿ, ಇಲ್ಲಿ ಎಲ್ಲರೂ ನಮ್ಮವರೇ’ ಎಂಬ ಬರಹ. ಅದರ ಕೆಳಗೆ ಕೂತಿದ್ದ ಗುಮಾಸ್ತೆ, ಇದು ನಮ್ಮ ಕೈಯಲ್ಲಿಲ್ಲ, ರಾಜಧಾನಿಗೆ ಹೋಗಿ ಎಂದಳು. ರಾಜಧಾನಿಗೆ ಫೋನು ಹಚ್ಚಿದರೆ, ಆಚೆ ದೇಶದಲ್ಲಿರುವ ನಮ್ಮ ರಾಯಭಾರಿ ಕಚೇರಿಯ ಮೂಲಕವೇ ಬರಬೇಕು ಎಂದರು. ರಾಯಭಾರಿ ಕಚೇರಿಯವರು ಟೀಚರಮ್ಮನಿಗೆ, ಮೊದಲು ನಿಮ್ಮ ದೇಶಕ್ಕೆ ಹಿಂದಿರುಗಿ, ಅಲ್ಲಿಂದ ಅರ್ಜಿ ಹಾಕಿ ಎಂದರಂತೆ. ಹಾಗೆ ಹೋದರೆ ಈ ಲಾಡ್ಜಿನ ಕಿಟಕಿಯಿಂದ ಸೇತುವೆಯಾದರೂ ಕಾಣುತ್ತಿದೆ, ಅದೂ ತಪ್ಪುತ್ತದೆ ಎಂದು ಅವಳು ಕದಲಲಿಲ್ಲ.

ಯಜಮಾನರು ಊಟ ಕಡಿಮೆ ಮಾಡಿದರು. ಗಡಿಯಣ್ಣನ ಹೆಂಡತಿಯ ಬೈಗುಳಕ್ಕೂ ಬಾಯಿ ತೆರೆಯಲಿಲ್ಲ. ಒಂದು ಬೆಳಿಗ್ಗೆ ಅವಳು ಚಮಚ ಹಿಡಿದು ಕೂತಿದ್ದಾಗ ಎಡಗೈಯಿಂದ ಚಮಚವನ್ನು ಮೆಲ್ಲಗೆ ಸರಿಸಿ, ಬೀರುವಿನ ಮೇಲಿನ ಸೂಟ್‌ಕೇಸಿನ ಕಡೆ ಬೆರಳು ಮಾಡಿದರು.

“ಸಾಕು,” ಎಂದರು.

ಅವಳಿಗೆ ಊಟ ಸಾಕೆಂದೇ ಅನ್ನಿಸಿತು. ಅವರು ಮತ್ತೆ ಸೂಟ್‌ಕೇಸ್ ತೋರಿಸಿದರು, ಆಮೇಲೆ ಗಡಿಯಣ್ಣ ಮಾಡಿ ತೋರಿಸಿದ್ದ ಹಾಗೆಯೇ ಎಡಗೈಯ ಎರಡು ಬೆರಳನ್ನು ಹೊದಿಕೆಯ ಮೇಲೆ ಆಚೆಗೆ ನಡೆಸಿದರು.

ಫೋನಿನಲ್ಲಿ ಟೀಚರಮ್ಮ ಮೊದಲು ಕೂಗಾಡಿದಳು. ಅಲ್ಲಿ ಡಾಕ್ಟರ್ ಇದ್ದಾರೆ, ವ್ಯಾಯಾಮ ಮಾಡಿಸುವ ಹುಡುಗಿ ಇದ್ದಾಳೆ, ಇಲ್ಲಿ ಏನಿದೆ ಎಂದಳು. ಯಜಮಾನರು ಎಲ್ಲ ಕೇಳಿ, “ಬೇಡ,” ಎಂದರು. ಮತ್ತೆ “ಬೇಡ.” ಆಮೇಲೆ ಅವಳು ಗಡಿಯಣ್ಣನಿಗೆ ಫೋನು ಕೊಡಲು ಹೇಳಿ, “ಸರಿ, ಕರ್ಕೊಂಡು ಬನ್ನಿ. ಶಾಲು ಮರೀಬೇಡಿ,” ಎಂದಳು.

ಹತ್ತು ವರ್ಷದ ಮೇಲಿನ ಸಂಸಾರವನ್ನು ಎರಡು ಸೂಟ್‌ಕೇಸಿಗೆ ಇಳಿಸುವುದು ಗಡಿಯಣ್ಣನ ಹೆಂಡತಿಯ ಪಾಲಿಗೆ ಬಂತು. ಬೇರೆಯವರ ಮನೆಯಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಆರಿಸುವುದು ಸತ್ತವರ ಬಟ್ಟೆ ಆರಿಸಿದ ಹಾಗಾಗುತ್ತದೆ ಎಂದು ಅವಳು ಒಂದೆರಡು ಸಲ ಅಂಗಳಕ್ಕೆ ಬಂದು ನಿಂತಳು. ಕುಂಡಗಳನ್ನು ಅಕ್ಕಪಕ್ಕದವರು ಒಯ್ದರು. ಮನೆಯ ಮಾಲೀಕ ಬಾಗಿಲಲ್ಲಿ ನಿಂತು, “ಇನ್ನು ಯಾರು ಬರ್ತಾರೆ ಈ ಮನೆಗೆ?” ಎಂದು ಯಾರನ್ನೂ ನೋಡದೆ ಕೇಳಿದ.

ಗಡಿಯಣ್ಣ ವ್ಯಾನಿನ ಹಿಂದಿನ ಸೀಟುಗಳನ್ನು ಬಿಚ್ಚಿ ಹಾಸಿಗೆ ಹಾಕಿದ, ಯಜಮಾನರ ಗಾಲಿಕುರ್ಚಿಯನ್ನು ಮಡಿಸಿ ಪಕ್ಕಕ್ಕಿಟ್ಟ. ಗುಂಡಿ ಬಂದಲ್ಲೆಲ್ಲ ವ್ಯಾನನ್ನು ಬಸುರಿ ಹೆಂಗಸನ್ನು ಕರೆದೊಯ್ಯುವ ಹಾಗೆ ನಡೆಸಿದ. ಅವನ ಹೆಂಡತಿ ಹಿಂದೆ ಕೂತು ಮುದುಕರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಕಿಟಕಿಯಲ್ಲಿ ಅದೇ ಅಧಿಕಾರಿ ಇದ್ದ. ಗಾಲಿಕುರ್ಚಿಯನ್ನೂ ಪಾಸ್‌ಪೋರ್ಟನ್ನೂ ನೋಡಿ ಗುರುತು ಹಿಡಿದ. “ಇವರಿಗೆ ಅನುಮತಿ ಇನ್ನೂ ಇದೆಯಲ್ಲ? ಒಂದು ಸಲ ಹೋದ್ರೆ ಅದು ರದ್ದಾಗುತ್ತೆ,” ಎಂದ.

“ಗೊತ್ತು ಸಾರ್. ಅವರಿಗೂ ಗೊತ್ತು.”

ಅಧಿಕಾರಿ ಮುದ್ರೆ ಒತ್ತಿದ. “ನಡು ಗೆರೆವರೆಗೆ ನೀವೊಬ್ರೇ ತಳ್ಕೊಂಡು ಹೋಗಿ ಅಣ್ಣ. ಅದರಾಚೆ ಒಂದು ಹೆಜ್ಜೆನೂ ಇಡ್ಬೇಡಿ,” ಎಂದ.

ಸೇತುವೆ ನಡುವಿನಲ್ಲಿ ಉಬ್ಬಿಕೊಂಡಿತ್ತು. ಸೂಟ್‌ಕೇಸುಗಳನ್ನು ಗಾಲಿಕುರ್ಚಿಗೆ ಕಟ್ಟಿಕೊಂಡು ಗಡಿಯಣ್ಣ ಏದುಸಿರು ಬಿಡುತ್ತ ತಳ್ಳಿದ. ಬಣ್ಣ ಬಳಿದ ಗೆರೆಯ ಆಚೆ ಟೀಚರಮ್ಮ ಒಬ್ಬ ಹಮಾಲಿಯನ್ನು ಜೊತೆ ಮಾಡಿಕೊಂಡು ನಿಂತಿದ್ದಳು. ಇಳಿದುಹೋಗಿದ್ದಳು, ಮೈಮೇಲಿದ್ದದ್ದು ಅಂದು ಉಟ್ಟು ಹೋಗಿದ್ದ ಬಟ್ಟೆಯೇ. ಗಂಡ ಹೆಂಡತಿ ಅಪ್ಪಿಕೊಳ್ಳುತ್ತಾರೆ, ಅಳುತ್ತಾರೆ ಎಂದು ಗಡಿಯಣ್ಣ ಮುಖ ತಿರುಗಿಸಲು ಸಿದ್ಧನಾಗಿದ್ದ. ಅವಳು ಬಗ್ಗಿ ಮೊದಲು ಮಾಡಿದ್ದು ಯಜಮಾನರ ಅಂಗಿಯ ಗುಂಡಿ ಸರಿಮಾಡಿದ್ದು.

“ಮೇಲು ಕೆಳಗೆ ಹಾಕಿದ್ದೀರಲ್ಲ ಗಡಿಯಣ್ಣ, ನೋಡೋರು ಏನಂದಾರು?” ಎಂದಳು. ಆಮೇಲೆ ಹಣೆಯನ್ನು ಗಂಡನ ಹಣೆಗೆ ಇಟ್ಟು ಹಾಗೇ ನಿಂತುಬಿಟ್ಟಳು. ಹಮಾಲಿ ಸೂಟ್‌ಕೇಸುಗಳನ್ನು ಬಿಚ್ಚಿಕೊಂಡು ಕೆಳಗಿಟ್ಟು ನದಿ ನೋಡತೊಡಗಿದ.

“ಬರ್ತೀನಿ ಟೀಚರಮ್ಮ,” ಎಂದ ಗಡಿಯಣ್ಣ.

“ನಿಮ್ಮ ಹೆಂಡತಿಗೆ ಹೇಳಿ...” ಎಂದವಳಿಗೆ ಮುಂದೆ ಮಾತು ಬರಲಿಲ್ಲ. ಇಷ್ಟು ವರ್ಷ ಎಂದೂ ಮಾತು ಸಾಲದೆ ಹೋಗಿರಲಿಲ್ಲ ಅವಳಿಗೆ.

ಅದಾಗಿ ಒಂದು ವರ್ಷ ಕಳೆಯಿತು. ಊರಿನ ಹೋಟೆಲುಗಳಲ್ಲಿ ಮೂರಕ್ಕೆ ಒಂದು ಬಾಗಿಲು ಮುಚ್ಚಿತು. ಗಡಿಯಣ್ಣ ವ್ಯಾನಿನ ಸೀಟುಗಳನ್ನು ಮತ್ತೆ ಕೂರಿಸಲೇ ಇಲ್ಲ. ತರಕಾರಿ ಮಂಡಿಗೆ ಮಾಲು ಸಾಗಿಸತೊಡಗಿದ. ಆಗ ಟಿವಿಯಲ್ಲಿ ಮತ್ತೆ ಸುದ್ದಿ ಬಂತು: ಪ್ರವಾಸಿಗಳು ಕಡಿಮೆಯಾದದ್ದು ಸರ್ಕಾರಕ್ಕೆ ಚಿಂತೆ ತಂದಿದೆ, ದೀರ್ಘಕಾಲ ಉಳಿಯುವ ವಯಸ್ಸಾದ ವಿದೇಶಿಯರಿಗೆ ಹೊಸ ವೀಸಾ ಕೊಡುತ್ತಾರಂತೆ. “ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋದು ಕೇಳಿದ್ದೆ. ಇವರು ಊರು ಖಾಲಿಯಾದ ಮೇಲೆ ಬಾಗಿಲು ತೆಗೀತಿದ್ದಾರೆ,” ಎಂದಳು ಹೆಂಡತಿ. ಆದರೂ ಅವಳೇ, ಫೋನ್ ಮಾಡ್ರೀ, ಮಾಡ್ರೀ ಎಂದು ಅವಸರಿಸಿದಳು.

ಟೀಚರಮ್ಮ ಎಲ್ಲ ಕೇಳಿಸಿಕೊಂಡಳು. ಅವರು ಆಚೆ ದೇಶದಲ್ಲೇ ಒಳನಾಡಿನ ಒಂದು ಪಟ್ಟಣದಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದರು. ಸಮುದ್ರವಿಲ್ಲ. ಯಜಮಾನರು ಈಗ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾರೆ.

“ಗಡಿಯಣ್ಣ, ಮನಸ್ಸು ಅಲ್ಲೇ ಇದೆ, ಸುಳ್ಳು ಹೇಳಲ್ಲ. ಆದ್ರೆ ಇನ್ನೊಂದು ಸಲ ಊರು ಕಟ್ಟೋಕೆ ನನ್ನ ಕೈಲಾಗಲ್ಲ. ಇಲ್ಲಿ ಮೀನು ಅಂಗಡಿಯವಳ ಹತ್ರ ಈಗಷ್ಟೇ ನಾಲ್ಕು ಮಾತು ಕಲಿತಿದ್ದೀನಿ. ಈ ಸಲ ಜಾಸ್ತಿ ಕಲಿಯಲ್ಲ.”

ಅವಳು ನಕ್ಕಳು. ಗಡಿಯಣ್ಣನೂ ನಕ್ಕ. ಹೆಂಡತಿ ಫೋನು ಕಿತ್ತುಕೊಂಡು, ಊಟ ಆಯ್ತಾ, ಅವರು ಏನು ತಿಂದರು ಎಂದು ಶುರು ಮಾಡಿದಳು. ಗಡಿಯಣ್ಣ ಜಗುಲಿಯ ಮೇಲೆ ಬಂದು ಕೂತ. ನಾಳೆ ಈರುಳ್ಳಿಯ ಬಾಡಿಗೆಯಿತ್ತು. ವ್ಯಾನಿಗೆ ಗಾಳಿ ಹಿಡಿಸಬೇಕಿತ್ತು, ಏಳಬೇಕು ಎಂದುಕೊಂಡ. ಒಳಗೆ ಮಾತು ಮುಗಿಯುವ ತನಕ ಏಳಲಿಲ್ಲ.