ಮಾಯವಾಗದ ಗೆರೆ

ಮನೆಯಲ್ಲಿ ಭಾವ, ಪ್ರಯೋಗಾಲಯದಲ್ಲಿ ಸರ್. ಎರಡೂ ಕಡೆ ಅದೇ ಉಬ್ಬಿದ ಎದೆ. ಅಕ್ಕನ ಗಂಡನ ಕೈಕೆಳಗೆ ಕೆಲಸಕ್ಕೆ ಸೇರಿದ ದಿನದಿಂದಲೂ ಅವಳಿಗೆ ಆತನನ್ನು ಕಂಡರೆ ಅಷ್ಟಕ್ಕಷ್ಟೇ. ಪಿಪೆಟ್ ಬಿಟ್ಟು ಎಷ್ಟೋ ವರ್ಷವಾಗಿದ್ದ ಆತ ಈಗ ಹಿಡಿಯುತ್ತಿದ್ದುದು ಮೈಕು ಮಾತ್ರ.

ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಪ್ರೋಟೀನುಗಳ ಮೇಲೆ ಗುರುತು ಹಚ್ಚುವ ಒಂದು ಕಿಣ್ವ ಹೃದಯದಲ್ಲೂ ಇದೆ ಎಂಬುದು ಭಾವನ ಮಹಾಶೋಧ. ಆಧಾರ, ಫಿಲ್ಮಿನ ಮೇಲಿನ ಒಂದು ಕಪ್ಪು ಗೆರೆ. ಆ ಕಿಣ್ವವನ್ನು ಹುಡುಕಿ ಹಿಡಿಯಬೇಕಾದ ಆಂಟಿಬಾಡಿ ಅಂಟಿದ ಕಡೆ ಅಂಥ ಗೆರೆ ಮೂಡುತ್ತದೆ. ಅಂಟಿದ್ದು ಕಿಣ್ವಕ್ಕೋ, ಇನ್ನಾವುದಕ್ಕೋ? ತಿಳಿಯಲು ಅವಳು ತಡೆ ಪೆಪ್ಟೈಡ್ ತರಿಸಿದಳು. ಆಂಟಿಬಾಡಿ ಕಚ್ಚುವ ತುಣುಕಿನ ಕೃತಕ ನಕಲು ಅದು. ಮೊದಲೇ ಬೆರೆಸಿದರೆ ಆಂಟಿಬಾಡಿಯ ಬಾಯಿ ಕಟ್ಟಿಹೋಗುತ್ತದೆ. ಅಸಲಿ ಗೆರೆಯಾದರೆ ಮಾಯವಾಗಬೇಕು.

ಕಿಣ್ವ ಇರುವುದು ಖಚಿತವಿದ್ದ ಮಾದರಿಯಲ್ಲಿ ಗೆರೆ ಹೋಯಿತು. ಹೃದಯದ್ದರಲ್ಲಿ ಜಪ್ಪಯ್ಯ ಅಂದರೂ ಕದಲಲಿಲ್ಲ; ಅಲ್ಲಿ ಆಂಟಿಬಾಡಿ ಅಂಟಿದ್ದು ಇನ್ನಾವುದಕ್ಕೋ.

"ಪೆಪ್ಟೈಡ್ ಕೆಟ್ಟಿದೆ," ಎಂದ ಭಾವ, ಫಿಲ್ಮಿನ ಕಡೆ ಕಣ್ಣೂ ಹಾಯಿಸದೆ.

"ಕೆಟ್ಟಿದ್ರೆ ಇನ್ನೊಂದರಲ್ಲಿ ಹೇಗೆ ಹೋಯ್ತು, ಸರ್?"

"ನಿನ್ನ ಕೈ ಸರಿಯಿಲ್ಲ. ನಾನೇ ಮಾಡಿ ತೋರಿಸ್ತೀನಿ, ನೋಡ್ತಿರು."

ಹೊಟ್ಟೆಯ ಮೇಲೆ ಗುಂಡಿ ಸೇರದ ಬಿಳಿ ಕೋಟಿನಲ್ಲಿ ಆತ ಅಂದು ದಿನವಿಡೀ ಬಾಟಲಿ ಕುಲುಕಿದ. ಮರುದಿನ ಫಿಲ್ಮ್ ಹಿಡಿದು ಕಾರಿಡಾರಿನ ತುಂಬ ಮೆರೆದ. "ಹೋಯ್ತಲ್ಲ ಗೆರೆ! ಕಣ್ಣಿದ್ದೋರು ನೋಡಿ!"

"ಪೆಪ್ಟೈಡ್ ಬೆರೆಸದೇ ಇರೋ ಪಟ್ಟಿ ಎಲ್ಲಿ, ಸರ್?"

"ಪಕ್ಕದ್ದೇ."

ಅದೂ ಬೋಳು. ಗೆರೆ ಇರಲೇಬೇಕಾದ ಜಾಗದಲ್ಲೂ ಇರಲಿಲ್ಲ. ಅವಳು ಫ್ರಿಜ್ ತೆರೆದಳು. ಆತನಿಗೆಂದು ತೆಗೆದಿಟ್ಟ ಆಂಟಿಬಾಡಿಯ ಸೀಲು ಹಾಗೇ ಇತ್ತು.

"ಸರ್, ಆಂಟಿಬಾಡೀನೇ ಹಾಕಿಲ್ವಲ್ಲ ನೀವು."

ಯಾರೋ ನಗು ತಡೆಯಲಾರದೆ ಕೆಮ್ಮಿದರು. ಭಾವ ಅವಳ ಕಿವಿಯ ಹತ್ತಿರ ಬಂದು, "ಮನೇಲಿ ಮಾತಾಡೋಣ," ಎಂದು ಪಿಸುಗುಟ್ಟಿದ. ಆ ಬಡಾಯಿಯನ್ನಾದರೂ ಸಹಿಸಬಹುದಿತ್ತು; ಈ ಪಿಸುಮಾತಿಗೆ ಅವಳಿಗೆ ಹೇಸಿಗೆಯಾಯಿತು.

ಸಂಜೆ ಅಕ್ಕನ ಫೋನು. "ಎಲ್ಲರ ಎದುರು ನಿಮ್ಮ ಭಾವನ ಮರ್ಯಾದೆ ತೆಗೆದ್ಯಂತೆ?"

"ಇದ್ದಿದ್ರೆ ತಾನೇ ತೆಗೆಯೋದು."

ಅಕ್ಕ ಫೋನಿಟ್ಟಳು.

ಭಾವ ಅದೇ ಬೋಳು ಫಿಲ್ಮಿನಲ್ಲಿ ಪೆಪ್ಟೈಡ್ ಬೆರೆಸಿದ ಅರ್ಧವನ್ನಷ್ಟೇ ಕತ್ತರಿಸಿಕೊಂಡು, ಪುರಾವೆಯೆಂದು ಪತ್ರಿಕೆಗೆ ಲೇಖನ ಕಳಿಸಿದ. ಲೇಖಕರ ಸಾಲಿನಲ್ಲಿ ಅವಳ ಹೆಸರನ್ನೂ ಸೇರಿಸಿದ್ದ. ಅವಳು ತನ್ನ ಫಿಲ್ಮುಗಳನ್ನೆಲ್ಲ ಸಂಪಾದಕರಿಗೆ ಕಳಿಸಿ, ಹೆಸರು ತೆಗೆಯಿರೆಂದಳು. ಲೇಖನ ವಾಪಸು ಬಂತು. ಅವಳು ಬೇರೆ ಪ್ರಯೋಗಾಲಯ ಸೇರಿದಳು. ಅವಳದ್ದು ಹೊಟ್ಟೆಕಿಚ್ಚು ಎಂದು ಭಾವ ನೆಂಟರಿಷ್ಟರಿಗೆಲ್ಲ ಸಾರಿದ.

ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಅಕ್ಕ ಒಂದು ಮಧ್ಯಾಹ್ನ ಒಬ್ಬಳೇ ಅವಳ ಮನೆಗೆ ಬಂದಳು. ಅಡುಗೆಮನೆಯಲ್ಲಿ ಕೂತು, "ಆ ಪೆಪ್ಟೈಡ್ ಅಂದ್ರೇನೇ? ನನಗೂ ಅರ್ಥ ಆಗೋ ಹಾಗೆ ಹೇಳು," ಎಂದಳು. ತಂಗಿ ಬಿಡಿಸಿ ಹೇಳಿದಳು.

"ಅಂದ್ರೆ ಲೇಖನ ಕಳಿಸೋವಾಗಲೇ ಅದು ಸುಳ್ಳಂತ ಅವರಿಗೆ ಗೊತ್ತಿತ್ತು."

"ಗೊತ್ತಿತ್ತು."

"ಅವರು ನಿನ್ನ ಬೈದಾಗಲೆಲ್ಲ ನಾನೂ ಹೂಂ ಅಂದೆ ಕಣೇ."

ಭಾವನಿಗೆಂದು ಇಟ್ಟಿದ್ದ ತಾತ್ಸಾರದಲ್ಲಿ ಅಕ್ಕನಿಗೆ ಪಾಲು ಕೊಡಲು ಅವಳಿಗೆ ಮನಸ್ಸಾಗಲಿಲ್ಲ. ಊಟಕ್ಕೆ ಎರಡು ತಟ್ಟೆ ಇಟ್ಟಳು.