ಗುರುತಿಲ್ಲದ ಚೀಲ

ಸತ್ಯಮಂಗಲದ ಶೆಡ್ಡಿನಲ್ಲಿ ಸೈನ್ಯಕ್ಕೆ ಬೆನ್ನುಚೀಲ ಹೊಲಿಯುತ್ತಿದ್ದ ಹೆಂಗಸರಲ್ಲಿ ಓಬಳಮ್ಮನೇ ಹಿರಿಯಳು. ದಿನವೂ ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಗಂಡ ಹಾಸಿಗೆ ಹಿಡಿದಿದ್ದ. ಮನೆ ನಡೆಯುತ್ತಿದ್ದುದು ಅವಳ ಸಂಬಳದಿಂದ. ಹೊಸ ಆರ್ಡರಿನ ಮೊದಲ ಚೀಲದ ಒಳಜೇಬಿಗೆ ಒಂದು ಬೊಟ್ಟು ಅರಿಶಿನ ಇಡದೆ ಅವಳು ಹೊರಗೆ ಕಳಿಸಿದವಳಲ್ಲ. ತಪಾಸಣೆಗೆ ಬರುತ್ತಿದ್ದ ಅಧಿಕಾರಿ ಅದನ್ನು ಕಂಡು ನಕ್ಕು ಸಹಿ ಹಾಕುತ್ತಿದ್ದರು.

ಈ ವರ್ಷ ಖರೀದಿಯ ಕ್ರಮವೇ ಬದಲಾಯಿತು. ಹತ್ತಾರು ಸಣ್ಣ ಶೆಡ್ಡುಗಳ ಬದಲು ಒಬ್ಬರಿಂದಲೇ ಎಲ್ಲ ಚೀಲ. ವಶೀಲಿ ನಡೆಯದಿರಲೆಂದು, ಹೊಲಿದವರು ಯಾರೆಂದು ತಿಳಿಯದಂತೆ ಮಾದರಿ ಕಳಿಸಬೇಕು. ಗುರುತು ಕಂಡರೆ ಆ ಚೀಲ ಪರೀಕ್ಷೆಗೇ ಹೋಗುವುದಿಲ್ಲ.

ಕಚೇರಿ ನೋಡಿಕೊಳ್ಳುತ್ತಿದ್ದ ಶ್ರೀರಂಜನಿ ಗುರುತು ಇರಕೂಡದೆಂದು ಎಲ್ಲರಿಗೂ ಮತ್ತೆ ಮತ್ತೆ ಹೇಳಿದ್ದಳು. ಓಬಳಮ್ಮ ಮಾದರಿ ಚೀಲದಿಂದ ಕಂಪನಿ ಹೆಸರಿನ ಪಟ್ಟಿಯನ್ನು ಬ್ಲೇಡಿನಿಂದ ಬಿಡಿಸಿ, ಉಳಿದ ದಾರದ ಎಳೆಗಳನ್ನೂ ಉಗುರಿನಿಂದ ಕಿತ್ತಳು. ಆಮೇಲೆ ಕೈ ತೊಳೆದು ಅರಿಶಿನ ಇಟ್ಟಳು.

ಚೀಲ ತಿರಸ್ಕೃತವಾಯಿತು. ಇಡೀ ಆರ್ಡರು ಕುಣಿಗಲ್ ಕಡೆಯ ದೊಡ್ಡ ಕಾರ್ಖಾನೆಯೊಂದಕ್ಕೆ ಹೋಯಿತು.

ಮಾಲೀಕ ಯೋಗನರಸಿಂಹ ಕೂಗಾಡಲಿಲ್ಲ. ಓಬಳಮ್ಮನನ್ನು ಎಲ್ಲರೆದುರು ನಿಲ್ಲಿಸಿ, ಗುರುತು ಅಂದರೆ ಏನೆಂದು ಕೇಳಿದ.

“ನಮ್ ಹೆಸ್ರು ಸಾರ್. ಬಿಚ್ಚಾಕಿದ್ನಲ್ಲ.”

“ಅರಿಶಿನ?”

“ಅದು ಗುರುತಾ ಸಾರ್? ಒಳ್ಳೇದಾಗ್ಲಿ ಅಂತ ಇಟ್ಟಿದ್ದು.”

“ಆಯ್ತಲ್ಲ, ಒಳ್ಳೇದು.”

ಯಾರೋ ಕಿಸಕ್ಕೆಂದರು. ಅರಿಶಿನದ ಅಭ್ಯಾಸ ಶ್ರೀರಂಜನಿಗೂ ಗೊತ್ತಿತ್ತು. ಅವಳು ಬಾಯಿ ತೆರೆಯುವ ಮೊದಲು ಮಾಲೀಕನ ಮುಖ ನೋಡಿದಳು, ನೋಡಿ ಕಚೇರಿಯೊಳಗೆ ಹೋದಳು.

ಬೇರೆ ಆರ್ಡರಿಲ್ಲದೆ ಶೆಡ್ಡು ಮುಚ್ಚುವುದೆಂದಾಯಿತು. ಕುಣಿಗಲ್ ಕಾರ್ಖಾನೆಗೆ ಹೊಲಿಗೆಯವರು ಸಾಲದೆ, ಮುಂದಿನ ವಾರ ಅಲ್ಲಿನ ಸೂಪರ್‌ವೈಸರ್ ವ್ಯಾನು ತಂದ. ಚೆನ್ನಾಗಿ ಹೊಲಿಯುವವರು ಯಾರೆಂದು ಕೇಳಿದಾಗ ಹೆಂಗಸರ ಕಣ್ಣುಗಳು ತಾವಾಗಿಯೇ ಓಬಳಮ್ಮನ ಕಡೆ ತಿರುಗಿದವು. ಅವಳು ಊಟದ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

“ಕರ್ಕೊಂಡ್ ಹೋಗಿ,” ಎಂದ ಯೋಗನರಸಿಂಹ. “ನಮ್ಗೆ ಮಾಡಿದ್ನ ನಿಮ್ಗೂ ಮಾಡ್ತಾಳೆ.”

ಕಥೆಯನ್ನೂ ಅವನೇ ಹೇಳಿದ. ಸೂಪರ್‌ವೈಸರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಗಸರೂ ನಕ್ಕರು; ನಗದೆ ನಿಂತವರನ್ನು ಸೂಪರ್‌ವೈಸರ್ ಗಮನಿಸುತ್ತಿದ್ದ. ಓಬಳಮ್ಮನ ಪಕ್ಕದಲ್ಲಿದ್ದ ಮೋನಿಕಾಳನ್ನು, ಇವರು ನಿಮ್ಮ ಕಡೆಯವರಾ ಎಂದು ವಿಚಾರಿಸಿದ. ಮೋನಿಕಾ ಓಬಳಮ್ಮನ ತಮ್ಮನ ಮಗಳು. ಕೈ ಹಿಡಿದು ಹೊಲಿಗೆ ಕಲಿಸಿದ್ದು ಓಬಳಮ್ಮನೇ.

“ಇಲ್ಲ ಸಾರ್. ನಮ್ಮೂರೋರು, ಅಷ್ಟೇ.”

ಮೋನಿಕಾಗೆ ವ್ಯಾನಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ವ್ಯಾನು ಹೊರಟಿತು.

ಶೆಡ್ಡಿನ ಹೊಲಿಗೆ ಯಂತ್ರಗಳನ್ನು ಕೊಂಡ ಶಿರಾ ಗೇಟಿನ ಗುಜರಿಯವನು ಮಧ್ಯಾಹ್ನ ಆಟೋ ತಂದ. ಯಂತ್ರ ಎತ್ತಲು ಆಳಿಲ್ಲದೆ ಅವನು ಒಬ್ಬನೇ ಬಂದಿದ್ದ. ಓಬಳಮ್ಮ ಇನ್ನೂ ಬಾಗಿಲಲ್ಲೇ ಇದ್ದಳು, ಯಾರಾದರೂ ಏನಾದರೂ ಹೇಳಿಯಾರೆಂದು.

“ನಿಂತೇ ಇದೀಯಲ್ಲ ಓಬಳಮ್ಮ,” ಎಂದ ಯೋಗನರಸಿಂಹ. “ಆ ಕಡೆ ಒಂದ್ ಕೈ ಹಿಡಿ.”

ಅವಳು ಡಬ್ಬಿ ಕೆಳಗಿಟ್ಟು ಹಿಡಿದಳು.