ಗಾವಠಿ ಮೆಂತ್ಯ

ನಾಸಿಕದಲ್ಲಿ ನಾಟಿ ಸೊಪ್ಪಿಗೆ ಗಾವಠಿ ಅನ್ನುತ್ತಾರೆ. ಹಳ್ಳಿ ಗಮಾರರೆಂದು ಹೀಯಾಳಿಸುವುದಕ್ಕೂ ಅದೇ ಮಾತು.

ನಮ್ಮ ಹೋಟೆಲಿನ ಎದುರಿಗಿರುವ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನ ಬಳಿ ವರ್ಷವಿಡೀ ಪ್ರತಿ ಭಾನುವಾರ ನಾನು ಸಾವಯವ ಸಂತೆ ನಡೆಸುತ್ತೇನೆ. ಡಿಸೆಂಬರಿನ ಚಳಿಗೆ ತ್ರ್ಯಂಬಕೇಶ್ವರದ ಕಡೆಯಿಂದ ತಾನೇ ಬೆಳೆದ ಸೊಪ್ಪು ತಂದು ಮಾರುವ ಹಿರಾಬಾಯಿ ಒಂದಿಷ್ಟು ಕಡ್ಡಿ ಹಚ್ಚಿ, ಮರಗಟ್ಟಿದ ಬೆರಳು ಕಾಯಿಸಿಕೊಳ್ಳುತ್ತಿದ್ದಳು. ಸೊಸೈಟಿಯ ಕಾರ್ಯದರ್ಶಿ, ಧಾರವಾಡದ ಗುರುರಾಜರು ಮೂಗು ಮುಚ್ಚಿಕೊಂಡು ಬಂದರು.

“ಅನಸೂಯಕ್ಕಾರ, ಹೋಳಿತನಕ ಸಂತಿ ಬಂದ್ ಮಾಡ್ರಿ. ಈ ಗಾವಠಿ ಮಂದಿ ಹೊಗಿ ಕುಡದು ಸಾಕಾಗೇದ.”

ಕನ್ನಡ ಬಾರದ ಹಿರಾಬಾಯಿಗೆ ತಿಳಿದದ್ದು ಅದೊಂದೇ ಪದ. ಗಿರಾಕಿ ಎಂದುಕೊಂಡು ಮುಖ ಅರಳಿಸಿ, “ಹೋ ಸಾಹೇಬ್, ಗಾವಠೀಚ್!” ಎಂದು ಮೆಂತ್ಯದ ಕಟ್ಟು ಚಾಚಿದಳು. ಅವರು ಅದನ್ನು ಮೂಸಿ ನೋಡಿ, ಕೊಳ್ಳಲು ಚೀಲ ಬಿಚ್ಚಿದರು!

ನನಗೆ ಮೈಯೆಲ್ಲ ಉರಿಯಿತು. ಅವರ ಕೈಯಿಂದ ಕಟ್ಟು ಕಿತ್ತುಕೊಂಡೆ.

“ಸೊಪ್ಪು ಗಾವಠಿ ಬೇಕು, ಬೆಳೆದವಳು ಗಾವಠಿ ಆಗ್ಬಾರ್ದಾ ಮಾರಾಯ್ರೆ? ನಿಮ್ಮ ಗೇಟು ನೀವೇ ಇಟ್ಕೊಳ್ಳಿ. ಸಂತೆ ಇವತ್ತಿಂದ ನಮ್ಮ ಹೋಟೆಲಿನ ಅಂಗಳದಲ್ಲಿ.”

“ಮತ್ತ ಮೆಂತ್ಯ?”

“ಅಲ್ಲಿಗೇ ಬನ್ನಿ. ಹೊಗೆ ಅಲ್ಲೂ ಉಂಟು.”

ಹಿರಾಬಾಯಿಯ ಬುಟ್ಟಿಯ ಒಂದು ಬದಿ ನಾನೇ ಹಿಡಿದು ರಸ್ತೆ ದಾಟಿಸಿದೆ. ಅಡುಗೆಮನೆಯಿಂದ ತೆಂಗಿನ ಗೆರಟೆ ತರಿಸಿ, ಅಂಗಳದಲ್ಲಿ ಮೊದಲಿಗಿಂತ ದೊಡ್ಡ ಬೆಂಕಿ ಹಚ್ಚಿದೆ.